ನ್ಯಾಯ ದೇಗುಲದ ಮೀಡಿಯೇಷನ್ ಸೆಂಟರ್ ರಿವ್ಯೂ: ಫ್ಲಾಟು, ಲೋನು, ಒಡವೆ ಹಂಚ್ಕೊಂಡಿದ್ದು

ಡಿವೋರ್ಸ್ ಟೈಮಲ್ಲಿ ಆಸ್ತಿ ವಿಷಯ ಜಗಳ ಇಲ್ದೆ ಮಾತಾಡೋಕೆ ಬೆಂಗಳೂರಲ್ಲಿ ಯಾವ ಜಾಗ ಇದೆ ಅಂತ ಕೇಳೋರಿಗೆಲ್ಲ ನಾನು ಹೇಳೋದು ಒಂದೇ, ಎಚ್. ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದಲ್ಲಿರೋ ಮೀಡಿಯೇಷನ್ ಸೆಂಟರ್, ಅಂದ್ರೆ ಮಧ್ಯಸ್ಥರು ಕೂರಿಸಿ ಮಾತಾಡಿಸಿ ರಾಜಿ ಮಾಡಿಸೋ ಜಾಗ. ಫ್ಯಾಮಿಲಿ ಕೋರ್ಟ್ ಇರೋದೂ ಅಲ್ಲೇ, ಹಂಗಾಗಿ ಕೋರ್ಟಿಗೆ ಹೋದೋರಿಗೆ ಬೇರೆ ಕಡೆ ಹುಡುಕೋ ಪಾಡಿಲ್ಲ. ಕರ್ನಾಟಕ ಹೈಕೋರ್ಟ್ ಕೆಳಗೆ 2007ರಿಂದ ನಡೀತಿದೆ. ಫೀಸ್ ಎಷ್ಟು ಅಂತ ಎಲ್ರೂ ಮೊದ್ಲು ಕೇಳ್ತಾರೆ, ಕೋರ್ಟ್ ಕಳಿಸಿದ ಕೇಸಿಗೆ ಒಂದ್ ರೂಪಾಯಿನೂ ಇಲ್ಲ. ನಿಮ್ಮ ಸ್ವಂತ ಲಾಯರ್ ಫೀಸು ನಿಮ್ಮದು, ಅದಕ್ಕೂ ಇವ್ರಿಗೂ ಸಂಬಂಧ ಇಲ್ಲ.

ನಮ್ಮ ಕೇಸ್ ಸಿಂಪಲ್ ಆಗೇನೂ ಇರ್ಲಿಲ್ಲ. ಉತ್ತರಹಳ್ಳಿ ಕಡೆ ಇಬ್ಬರ ಹೆಸರಲ್ಲಿ ಒಂದು ಟೂ ಬಿಎಚ್‌ಕೆ, ಅದರ ಮೇಲೆ ಲೋನು, ಅಡ ಇಟ್ಟಿರೋ ಒಡವೆ, ನನ್ನ ಗಂಡನ ಕಂಪನಿ ಶೇರು, ನನ್ನ ಚೀಟಿ ದುಡ್ಡು, ತಿಪಟೂರು ಹತ್ರ ಅವ್ರ ಅಪ್ಪನ ಕಡೆಯ ತೆಂಗಿನ ತೋಟ, ಜೊತೆಗೆ ಮೂರನೇ ಕ್ಲಾಸಲ್ಲಿರೋ ಮಗಳು. ನಾನು ಹಾಕಿದ್ದ ಡಿವೋರ್ಸ್ ಕೇಸ್ ಜಡ್ಜ್ ಮುಂದೆ ಬಂದಾಗ ಅವ್ರು ಮೊದ್ಲು ಮೀಡಿಯೇಷನ್ನಿಗೆ ಹೋಗಿ ಬನ್ನಿ ಅಂದ್ರು. ನನಗೆ ಆಗ ಅನ್ಸಿದ್ದು ಅಯ್ಯೋ ಮತ್ತೆ ಹೊಂದ್ಕೊಂಡು ಹೋಗಮ್ಮ ಅಂತ ಬುದ್ಧಿ ಹೇಳ್ತಾರೆ ಅಷ್ಟೇ ಅಂತ. ಹಂಗೇನೂ ಆಗ್ಲಿಲ್ಲ. ಒಟ್ಟಿಗೆ ಇರೋಕೆ ಸಾಧ್ಯನಾ ಅಂತ ಒಂದ್ಸಲ ಕೇಳಿದ್ರು, ಇಬ್ಬರೂ ಇಲ್ಲ ಅಂದ್ವಿ, ಆಮೇಲೆ ಆ ಮಾತು ಎತ್ಲಿಲ್ಲ.

ಒಂದು ವಿಷಯ ಮೊದ್ಲೇ ತಿಳ್ಕೊಂಡು ಹೋಗಿ. ಡಿವೋರ್ಸ್ ಆದ್ರೆ ಗಂಡನ ಆಸ್ತೀಲಿ ಅರ್ಧ ಹೆಂಡ್ತಿಗೆ ಅಂತ ರೀಲ್ಸ್ ನೋಡ್ಕೊಂಡು ಬರೋರು ಬಹಳ ಜನ, ನಮ್ಮಲ್ಲಿ ಅಂಥ ಕಾನೂನೇ ಇಲ್ಲ. ಗೋವಾದಲ್ಲಿ ಪೋರ್ಚುಗೀಸರ ಕಾಲದ ಸಿವಿಲ್ ಕೋಡ್ ಇರೋದ್ರಿಂದ ಅಲ್ಲಿ ಗಂಡ ಹೆಂಡ್ತಿ ಆಸ್ತಿ ಒಟ್ಟು ಅನ್ನೋ ಲೆಕ್ಕ ಇದೆ, ನಮಗಿಲ್ಲ. ಇಲ್ಲಿ ಯಾರ ಹೆಸರಲ್ಲಿ ಇದೆಯೋ ಅವ್ರದ್ದು, ಇಬ್ಬರ ಹೆಸರಲ್ಲಿದ್ರೆ ಯಾರ ಪಾಲು ಎಷ್ಟು ಅನ್ನೋ ಜಗಳ. ಹೆಂಡ್ತಿಗೆ ಪಾಲು ಕೊಡ್ಬೇಕು ಅಂತ ಮದುವೆ ಕಾನೂನು ತಿದ್ದುಪಡಿ ಮಸೂದೆ ಒಂದು 2013ರಲ್ಲಿ ರಾಜ್ಯಸಭೆ ದಾಟಿತ್ತು, ಲೋಕಸಭೆ ಅವಧಿ ಮುಗಿದು ಬಿದ್ದೋಯ್ತು. ಹಿಂದೂ ಮ್ಯಾರೇಜ್ ಆಕ್ಟ್ 27ನೇ ಸೆಕ್ಷನ್ ಇದೆ ನಿಜ, ಆದ್ರೆ ಅದು ಮದುವೆ ಸಮಯದಲ್ಲಿ ಇಬ್ಬರಿಗೂ ಸೇರಿ ಬಂದ ಉಡುಗೊರೆ ಸಾಮಾನಿಗೆ, ಆಮೇಲೆ ಬೆವರು ಸುರಿಸಿ ತಗೊಂಡ ಫ್ಲಾಟಿಗೆ ಅಲ್ಲ. ಹಂಗಾಗಿ ಸರಿಯಾಗಿ ಹಂಚ್ಕೋಬೇಕು ಅಂದ್ರೆ ಕಾನೂನಿಗಿಂತ ಜಾಸ್ತಿ ಒಪ್ಪಂದಾನೇ ಕೆಲಸಕ್ಕೆ ಬರೋದು, ಈ ಸೆಂಟರ್ ಬೆಲೆ ಇರೋದೂ ಅಲ್ಲೇ.

ನಮಗೆ ಸಿಕ್ಕಿದ ಮೀಡಿಯೇಟರ್ ಸೀನಿಯರ್ ವಕೀಲರು, ಹೆಂಗಸು, ಇದಕ್ಕೆ ಟ್ರೈನಿಂಗ್ ಆದೋರು. ಮೊದಲು ಇಬ್ಬರನ್ನೂ ಒಟ್ಟಿಗೆ ಕೂರಿಸಿ, ಆಮೇಲೆ ಒಬ್ಬೊಬ್ಬರನ್ನೇ ಕರೆದು ಮಾತಾಡ್ಸ್ತಾರೆ. ಒಬ್ಬರೇ ಇದ್ದಾಗ ಹೇಳಿದ್ದನ್ನ ನೀವು ಹೂಂ ಅನ್ನೋವರೆಗೂ ಆ ಕಡೆಗೆ ಹೇಳಲ್ಲ, ಇಲ್ಲಿ ಆಡಿದ ಮಾತು ನಾಳೆ ಕೋರ್ಟಲ್ಲಿ ಸಾಕ್ಷಿ ಆಗಿ ಬರೋದೂ ಇಲ್ಲ. ಇದೊಂದು ಧೈರ್ಯ ಇದ್ರೆ ಜನ ಬಾಯಿ ಬಿಡ್ತಾರೆ, ನನ್ನ ಗಂಡ ಶೇರು ಎಷ್ಟಿದೆ ಅಂತ ಸರಿಯಾಗಿ ಹೇಳಿದ್ದೂ ಹಂಗೇ. ನೆಂಟರನ್ನ ಒಳಗೆ ಬಿಡೋದು ಇಬ್ಬರೂ ಒಪ್ಪಿದ್ರೆ ಮಾತ್ರ. ನಮ್ಮ ಚಿಕ್ಕಪ್ಪ ಪಂಚಾಯ್ತಿ ಮಾಡೋ ಉತ್ಸಾಹದಲ್ಲಿ ಶರ್ಟು ಇಸ್ತ್ರಿ ಮಾಡ್ಕೊಂಡು ಬಂದಿದ್ರು, ಪಾಪ ಹೊರಗೆ ಕೂತು ಪೇಪರ್ ಓದಿ ವಾಪಸ್ ಹೋದ್ರು. ಒಳ್ಳೇದೇ ಆಯ್ತು.

ಈಗ ಫ್ಲಾಟ್ ವಿಷಯ, ಇದನ್ನ ಸ್ವಲ್ಪ ಬಿಡಿಸಿ ಬರೀತೀನಿ ಯಾಕಂದ್ರೆ ಬೆಂಗಳೂರಲ್ಲಿ ಮುಕ್ಕಾಲು ಪಾಲು ಜನರ ಜಗಳ ಇದೇ. ನನ್ನ ಗಂಡ ಗೈಡೆನ್ಸ್ ವ್ಯಾಲ್ಯೂ, ಅಂದ್ರೆ ರಿಜಿಸ್ಟ್ರೇಷನ್ನಿಗೆ ಸರ್ಕಾರ ಗೊತ್ತು ಮಾಡಿರೋ ರೇಟು, ಹಿಡ್ಕೊಂಡು 62 ಲಕ್ಷದ ಮನೆ ಅಂದ್ರು, ನಾನು ಆನ್‌ಲೈನಲ್ಲಿ ಅದೇ ಅಪಾರ್ಟ್‌ಮೆಂಟಿನ ಬೇರೆ ಫ್ಲಾಟಿಗೆ ಓನರ್ ಹಾಕಿದ್ದ ರೇಟ್ ತೋರ್ಸಿ 1 ಕೋಟಿ 5 ಲಕ್ಷ ಅಂದೆ. ಮೇಡಮ್ ಎರಡನ್ನೂ ಪಕ್ಕಕ್ಕೆ ಸರಿಸಿ, ಇಬ್ಬರೂ ಅರ್ಧರ್ಧ ಫೀಸ್ ಹಾಕಿ ರಿಜಿಸ್ಟರ್ಡ್ ವ್ಯಾಲ್ಯುಯರ್ ಹತ್ರ ರಿಪೋರ್ಟ್ ತಗೊಂಡು ಬನ್ನಿ, ಅದಕ್ಕೆ ಇಬ್ಬರೂ ಬದ್ಧ ಅಂತ ಮೊದ್ಲೇ ಒಪ್ಕೊಂಡು ಹೋಗಿ ಅಂದ್ರು. 90 ಲಕ್ಷ ಅಂತ ಬಂತು. ಲೋನ್ ಬಾಕಿ 38 ಲಕ್ಷ, ಕಳೆದ್ರೆ ಉಳಿಯೋದು 52. ಸರಿ ತಲಾ 26 ಅಲ್ವಾ ಮುಗೀತು ಅಂತ ನಾನು ಎದ್ದೇ ಬಿಡೋಳಿದ್ದೆ.

ಮೇಡಮ್ ಒಂದು ಬಿಳಿ ಹಾಳೆ ತಗೊಂಡು ನಡುವೆ ಗೆರೆ ಎಳೆದ್ರು. "ನೋಡಮ್ಮ, ಶುರುವಿಗೆ ಯಾರ ಮನೆಯಿಂದ ಏನು ಬಂತು ಅದನ್ನ ಹೇಳಿ ಮೊದ್ಲು." ಮಾವನವರು ರಿಟೈರ್ಮೆಂಟ್ ದುಡ್ಡಲ್ಲಿ ಡೌನ್ ಪೇಮೆಂಟಿಗೆ 14 ಲಕ್ಷ ಕೊಟ್ಟಿದ್ರು, ಬ್ಯಾಂಕ್ ಟ್ರಾನ್ಸ್‌ಫರ್, ಸುಳ್ಳಲ್ಲ. ನಾನು ಚೀಟಿ ಎತ್ತಿದ್ದು, ಪಿಎಫ್‌ನಿಂದ ತೆಗೆದಿದ್ದು ಸೇರಿ ಇಂಟೀರಿಯರ್ಸಿಗೆ 6 ಲಕ್ಷ ಹಾಕಿದ್ದೆ. ಆ 14 ಅವ್ರ ಕಡೆ ಬರೆದ್ರು, ಈ 6 ನನ್ನ ಕಡೆ, ಉಳಿದ 32ನ್ನ ಅರ್ಧ ಮಾಡಿದ್ರು. ಯಾಕೆ ಅರ್ಧ, ಇಎಂಐ ಪೂರ್ತಿ ನನ್ನ ಸಂಬಳದಲ್ಲೇ ಹೋಗಿರೋದು ಅಂತ ಅವ್ರು ತಕರಾರು ತೆಗೆದ್ರು. ಅದಕ್ಕೆ ಮೇಡಮ್ ನನ್ನ ಬ್ಯಾಂಕ್ ಸ್ಟೇಟ್‌ಮೆಂಟ್ ತಿರುಗಿಸಿ ತೋರಿಸಿದ್ರು, ಸ್ಕೂಲ್ ಫೀಸು, ದಿನಸಿ, ಬೆಸ್ಕಾಂ ಬಿಲ್ಲು, ಮೇಂಟೆನೆನ್ಸು, ಅತ್ತೆಯವರ ಕಣ್ಣಿನ ಆಪರೇಷನ್ನು ಎಲ್ಲಾ ನನ್ನ ಅಕೌಂಟಿಂದ. "ಸರ್, ಇದನ್ನ ಇವ್ರು ಕಟ್ಟದೇ ಇದ್ದಿದ್ರೆ ನೀವು ಇಎಂಐ ಕಟ್ತಿದ್ರಾ?" ಅಂತ ಅಷ್ಟೇ ಕೇಳಿದ್ರು. ಅವ್ರು ಸುಮ್ನಾದ್ರು. ಕೊನೆಗೆ ಅವ್ರದ್ದು 30, ನನ್ನದು 22. ಮನೆ ಅವ್ರು ಇಟ್ಕೊಳ್ಳೋದು, ಲೋನ್ ಅವ್ರದ್ದೇ, ನನಗೆ 22 ಲಕ್ಷ. ಇಪ್ಪತ್ತಾರು ಬರ್ಬೇಕಿತ್ತು ಅಂತ ಅಮ್ಮ ಈಗ್ಲೂ ಗೊಣಗ್ತಾಳೆ, ನನಗೆ ಮಾತ್ರ ಆ ಹಾಳೆ ನೋಡಿದ್ಮೇಲೆ ಹೊಟ್ಟೆಕಿಚ್ಚು ಆಗ್ಲಿಲ್ಲ. ಮಾವನವರ ಜೀವಮಾನದ ಉಳಿತಾಯ ಅದು, ಅದರಲ್ಲಿ ಪಾಲು ಕೇಳೋಕೆ ನನಗೆ ಮನಸ್ಸೂ ಇರ್ಲಿಲ್ಲ.

ಒಡವೆ ವಿಷಯ ಇದಕ್ಕಿಂತ ಕ್ಲಿಯರ್. ಸ್ತ್ರೀಧನ ಪೂರ್ತಿ ಹೆಂಗಸಿನದ್ದೇ, ಗಂಡನ ಮನೆಯೋರ ಹತ್ರ ಇದ್ರೆ ಅವ್ರು ನಂಬಿಕೆ ಮೇಲೆ ಇಟ್ಕೊಂಡಿರೋರು ಅಷ್ಟೇ ಅಂತ ಸುಪ್ರೀಂ ಕೋರ್ಟ್ 1985ರಲ್ಲೇ ಪ್ರತಿಭಾ ರಾಣಿ ಕೇಸಲ್ಲಿ ಹೇಳಿದೆ. ತವರಲ್ಲಿ ಹಾಕಿದ್ದು ಮಾತ್ರ ಅಲ್ಲ, ಅತ್ತೆ ಮನೆಯೋರು ನಿಮಗೆ ಅಂತ ಕೊಟ್ಟಿದ್ದೂ ನಿಮ್ಮದೇ. ಹಂಗಾಗಿ ಇದು ಹಂಚೋ ಲಿಸ್ಟಿಗೇ ಬರಲ್ಲ, ವಾಪಸ್ ಕೊಡೋ ಲಿಸ್ಟಿಗೆ ಬರುತ್ತೆ. ಕಷ್ಟ ಇರೋದು ಯಾವುದು ಯಾರು ಕೊಟ್ಟಿದ್ದು ಅಂತ ತೋರ್ಸೋದ್ರಲ್ಲಿ. ನಾನು ಮದುವೆ ಆಲ್ಬಮ್ಮೇ ಹೊತ್ಕೊಂಡು ಹೋಗಿದ್ದೆ. ಧಾರೆ ಫೋಟೋದಲ್ಲಿ ಅವಲಕ್ಕಿ ಸರ, ಆರತಕ್ಷತೆ ಫೋಟೋದಲ್ಲಿ ಕಾಸಿನ ಸರ, ಸೀಮಂತದ ಫೋಟೋದಲ್ಲಿ ಬಳೆ, ಒಂದೊಂದಕ್ಕೂ ಪುಟದ ನಂಬರ್ ಹಾಕಿ ಗ್ರಾಂ ಬರ್ಕೊಂಡಿದ್ದೆ, ಬಿಲ್ ಇದ್ದಷ್ಟಕ್ಕೆ ಬಿಲ್ ಜೆರಾಕ್ಸು. ಬೆಳ್ಳಿ ದೀಪ, ಕುಂಕುಮ ಭರಣಿ, ಪಂಚಪಾತ್ರೆ ಇವೂ ಬಿಡ್ಬೇಡಿ, ಹೊರಡೋ ಆತುರದಲ್ಲಿ ಎಲ್ರೂ ಮರೆಯೋದು ಬೆಳ್ಳೀನೇ.

ಎರಡು ಬಳೆ ಮತ್ತೆ ಕಾಸಿನ ಸರ ಫ್ಲಾಟ್ ರಿಜಿಸ್ಟ್ರೇಷನ್ ಟೈಮಲ್ಲಿ ಅಡ ಇಟ್ಟಿದ್ದು ಬಡ್ಡಿ ಕಟ್ಕೊಂಡು ಹಂಗೇ ಇತ್ತು. ದುಡ್ಡು ಕೊಟ್ಬಿಡ್ತೀನಿ ನೀನೇ ಬಿಡಿಸ್ಕೋ ಅಂದ್ರು, ಮೇಡಮ್ ಒಪ್ಲಿಲ್ಲ, ಚಿನ್ನದ ರೇಟ್ ದಿನಾ ಏರ್ತಿರೋವಾಗ ದುಡ್ಡು ಅಂತ ಬರೆದ್ರೆ ಯಾರಾದ್ರೂ ಒಬ್ಬರಿಗೆ ಮೋಸ, ವಸ್ತುನೇ ಬಿಡಿಸಿ ಕೊಡಿ ಅಂದ್ರು. ಇನ್ನ ಅತ್ತೆಯವರ ಅತ್ತೆ ಕಾಲದ ಅಡ್ಡಿಕೆ ಒಂದಿತ್ತು, ಮದುವೇಲಿ ನನಗೆ ಹಾಕಿದ್ದು. ಕಾನೂನು ಪ್ರಕಾರ ನನ್ನದೇ. ಅದನ್ನ ನಾನೇ ವಾಪಸ್ ಕೊಟ್ಟೆ, ಮಗಳ ಮದುವೆಗೆ ಅವಳಿಗೇ ಹಾಕ್ಬೇಕು ಅಂತ ಒಂದು ಸಾಲು ಬರೆಸ್ಕೊಂಡು. ಆ ಸಾಲಿಗೆ ಕೋರ್ಟಲ್ಲಿ ಎಷ್ಟು ತೂಕ ಇರುತ್ತೋ ಏನೋ, ಅತ್ತೆ ಓದಿ ಕಣ್ಣೊರೆಸ್ಕೊಂಡ್ರು ಅಂತ ಗಂಡನೇ ಆಮೇಲೆ ಹೇಳಿದ್ರು.

ತೋಟ ಬೇಗ ಮುಗೀತು, ಪಿತ್ರಾರ್ಜಿತದಲ್ಲಿ ಡಿವೋರ್ಸ್ ತಗೊಳ್ಳೋ ಹೆಂಡ್ತಿಗೆ ಏನೂ ಇಲ್ಲ. ಆದ್ರೆ ಅವ್ರ ಲಾಯರ್ ಕರಡಲ್ಲಿ ಮಗಳೂ ಮುಂದೆ ಏನೂ ಕೇಳಬಾರದು ಅಂತ ಒಂದು ಸಾಲು ನುಸುಳಿಸಿದ್ರು. ಕರ್ನಾಟಕದಲ್ಲಿ 1994ರಿಂದಲೇ, ದೇಶಕ್ಕೆಲ್ಲ 2005ರಿಂದ ಹೆಣ್ಣು ಮಕ್ಕಳಿಗೂ ಹುಟ್ಟಿನಿಂದ್ಲೇ ಪಿತ್ರಾರ್ಜಿತದಲ್ಲಿ ಹಕ್ಕಿದೆ, ಅಪ್ಪ ಅಮ್ಮ ಬೇರೆ ಆದ್ರೆ ಅದು ಹೋಗಲ್ಲ. ಮೇಡಮ್ ಕನ್ನಡಕ ಏರಿಸ್ಕೊಂಡು ಆ ಸಾಲು ಓದಿ, "ಡಿವೋರ್ಸ್ ಆಗ್ತಿರೋದು ನಿಮ್ಮಿಬ್ಬರಿಗೆ, ಮಗುಗೂ ಅಪ್ಪಂಗೂ ಅಲ್ವಲ್ಲಾ" ಅಂತ ಪೆನ್ನಲ್ಲಿ ಹೊಡೆದು ಹಾಕಿದ್ರು. ಆದ್ರಿಂದ ಎರಡೂ ಕಡೆಯೋರು ಸಹಿಗೆ ಮುಂಚೆ ಪ್ರತಿ ಪುಟ ಓದ್ಲೇಬೇಕು, ಕನ್ನಡದಲ್ಲಿ ಬೇಕು ಅಂದ್ರೆ ಓದಿ ಹೇಳಿ ಅಂತ ಕೇಳಿ, ನಾಚ್ಕೋಬೇಡಿ.

ಶೇರು ವಿಷಯ ಐಟಿ ಕಂಪನಿ ಜನಕ್ಕೆ ಮಾತ್ರ ಬೇಕಾಗೋದು. ಕೈಗೆ ಬಂದಿರೋದು ಒಂದು, ಇನ್ನೂ ವೆಸ್ಟ್ ಆಗದೇ ಇರೋದು, ಅಂದ್ರೆ ಕಂಪನಿ ಕೊಡ್ತೀನಿ ಅಂದಿದ್ರೂ ಇನ್ನೂ ಕೈಗೆ ಬರದೇ ಇರೋದು, ಇನ್ನೊಂದು. ಬಂದಿರೋದನ್ನ ಲೆಕ್ಕಕ್ಕೆ ತಗೊಂಡ್ವಿ, ಬರಬೇಕಾಗಿರೋದನ್ನ ಬಿಟ್ವಿ, ಅದರ ಬದಲು ಮಗಳ ಹೆಸರಲ್ಲಿ ಒಂದು ಎಫ್‌ಡಿ ಮತ್ತೆ ಸ್ಕೂಲ್ ಫೀಸ್ ಪೂರ್ತಿ ಅವ್ರದ್ದು ಅಂತ ಆಯ್ತು. ಸಂಬಳದಲ್ಲಿ 25 ಪರ್ಸೆಂಟ್ ಜೀವನಾಂಶ ಕೊಡ್ಲೇಬೇಕು ಅಂತ ನನ್ನ ಫ್ರೆಂಡ್ ಒಬ್ಬಳು ತಲೆ ತುಂಬಿಸಿದ್ಲು. 2017ರ ಒಂದು ಕೇಸಲ್ಲಿ ಸುಪ್ರೀಂ ಕೋರ್ಟ್ ಆ ಪ್ರಮಾಣ ಸರಿ ಅಂತ ಹೇಳಿದ್ದು ಹೌದು, ಅದು ಎಲ್ರಿಗೂ ಫಿಕ್ಸ್ ರೇಟ್ ಅಲ್ಲ. ನಾನೂ ದುಡಿಯೋಳು, ನನ್ನ ಖರ್ಚಿಗೆ ಅಂತ ಏನೂ ತಗೊಳ್ಲಿಲ್ಲ. ಮನೇಲೇ ಇದ್ದು ಸಂಸಾರ ನೋಡ್ಕೊಂಡ ಹೆಂಗಸರು ದಯವಿಟ್ಟು ನನ್ನ ಲೆಕ್ಕ ನೋಡಿ ಬಿಟ್ಕೊಡ್ಬೇಡಿ, ನಿಮ್ಮ ಲೆಕ್ಕ ಬೇರೆ. ಆ ಕಡೆಯೋರ ಆದಾಯ ಗೊತ್ತಿಲ್ಲ ಅಂದ್ರೆ, ಜೀವನಾಂಶದ ಕೇಸಲ್ಲಿ ಇಬ್ಬರೂ ಆಸ್ತಿ ಸಾಲ ಎಲ್ಲಾ ಅಫಿಡವಿಟ್ ಹಾಕ್ಲೇಬೇಕು ಅಂತ 2020ರ ರಜನೇಶ್ ವರ್ಸಸ್ ನೇಹಾ ತೀರ್ಪಲ್ಲಿದೆ, ಅದನ್ನ ಹಾಕಿಸಿಯೇ ಮಾತಿಗೆ ಕೂತ್ಕೊಳ್ಳಿ.

ಸೆಂಟರ್ ಕೈಲಿ ಇಲ್ಲದ ವಿಷಯವೂ ಹೇಳ್ಬೇಕು. ಮೀಡಿಯೇಟರ್ ತೀರ್ಪು ಕೊಡೋರಲ್ಲ, ಒಂದು ಕಡೆ ಹಠ ಹಿಡಿದ್ರೆ ಕೇಸ್ ವಾಪಸ್ ಕೋರ್ಟಿಗೆ. ಬಚ್ಚಿಟ್ಟ ಆಸ್ತಿ ಹುಡುಕೋದು ಅವ್ರ ಕೆಲಸ ಅಲ್ಲ, ಕಾಗದ ಪತ್ರ ನೀವೇ ತರ್ಬೇಕು. ಮುಖ್ಯವಾಗಿ ಅಲ್ಲಿ ಆಗೋ ಒಪ್ಪಂದ ನಿಮ್ಮಿಬ್ಬರ ನಡುವಿನದ್ದು, ಬ್ಯಾಂಕಿಗೆ ಅದರಿಂದ ಬಿಸಿಯೂ ತಟ್ಟಲ್ಲ. ನಮ್ಮ ಲೋನ್ ಇದ್ದ ಬ್ಯಾಂಕಿಗೆ, ಹೆಸರು ಬೇಡ, ಒಪ್ಪಂದದ ಕಾಪಿ ತಗೊಂಡು ಹೋಗಿ ನನ್ನ ಹೆಸರು ತೆಗೀರಿ ಅಂದ್ರೆ ಮ್ಯಾನೇಜರ್ ಅದನ್ನ ಮುಟ್ಟಲೂ ಇಲ್ಲ. "ಮೇಡಮ್, ನೀವು ಕೋ ಅಪ್ಲಿಕೆಂಟ್, ಸಾಲ ತೀರೋವರೆಗೂ ಇಬ್ಬರೂ ಜವಾಬ್ದಾರಿ, ಕೋರ್ಟ್ ಏನಾದ್ರೂ ಬರೀಲಿ." ಹೇಳಿದ ರೀತಿ ಒರಟು, ವಿಷಯ ಮಾತ್ರ ಸರಿ. ಅಂದ್ರೆ ನಾಳೆ ಅವ್ರು ಇಎಂಐ ತಪ್ಪಿಸಿದ್ರೆ ಸಾಲ ಕೊಡೋರು ನೋಡೋ ನನ್ನ ಸಿಬಿಲ್ ಸ್ಕೋರ್ ಹಾಳು, ನಾನು ಇನ್ನೊಂದು ಮನೆಗೆ ಲೋನ್ ಕೇಳಿದ್ರೆ ಈ 38 ಲಕ್ಷ ನನ್ನ ತಲೆ ಮೇಲೇ ತೋರ್ಸುತ್ತೆ. ಅವ್ರೊಬ್ಬರ ಸಂಬಳಕ್ಕೆ ಎಲಿಜಿಬಿಲಿಟಿ ಸಾಲಲ್ಲ ಅಂತ ಆ ಬ್ರಾಂಚು ತಿಂಗಳುಗಟ್ಟಲೆ ಎಳೆದಾಡಿಸಿತು, ಆಮೇಲೆ ಅವ್ರ ತಮ್ಮನ್ನ ಸೇರಿಸ್ಕೊಂಡು ಬೇರೆ ಬ್ಯಾಂಕಿಗೆ ಲೋನ್ ಟ್ರಾನ್ಸ್‌ಫರ್ ಮಾಡಿಸ್ಕೊಂಡ್ರು, ಆಗ ನಾನು ಬಿಡುಗಡೆ.

ಈ ಗೋಳು ಮುಂಚೆನೇ ಊಹಿಸಿ ಮೇಡಮ್ ಒಂದು ಷರತ್ತು ಹಾಕ್ಸಿದ್ರು, ಇಡೀ ಒಪ್ಪಂದದಲ್ಲಿ ನನಗೆ ಅತಿ ಇಷ್ಟ ಆಗಿದ್ದು ಅದೇ. ಇಂಥ ತಾರೀಕಿನ ಒಳಗೆ ಲೋನಿಂದ ನನ್ನ ಹೆಸರು ಹೋಗ್ಬೇಕು, ಹೋಗ್ಲಿಲ್ಲ ಅಂದ್ರೆ ಫ್ಲಾಟ್ ಮಾರಿ, ಸಾಲ ತೀರಿಸಿ, ಉಳಿದಿದ್ದನ್ನ 30ಕ್ಕೆ 22ರ ಲೆಕ್ಕದಲ್ಲಿ ಹಂಚ್ಕೋಬೇಕು. ಈ ಸಾಲು ಇಲ್ದೆ ಇದ್ದಿದ್ರೆ ಆ ಲೋನ್ ಟ್ರಾನ್ಸ್‌ಫರ್ ಇವತ್ತಿಗೂ ಆಗ್ತಿರ್ಲಿಲ್ಲ, ಬರ್ಕೊಡ್ತೀನಿ. ಒಪ್ಪಂದದಲ್ಲಿ "ಫ್ಲಾಟ್ ಗಂಡನಿಗೆ" ಅಂತ ಒಂದೇ ಸಾಲು ಬರೆಸ್ಕೊಂಡು ಬಂದೋರನ್ನ ನಾನು ನೋಡಿದೀನಿ, ಆಸ್ತಿ ವಿವರದ ಶೆಡ್ಯೂಲ್ ಇಲ್ಲ, ಖಾತಾ ನಂಬರ್ ಇಲ್ಲ, ಲೋನ್ ಅಕೌಂಟ್ ನಂಬರ್ ಇಲ್ಲ, ಅಂಥದ್ದನ್ನ ತಗೊಂಡು ಹೋದ್ರೆ ಬ್ಯಾಂಕಿನೋರೂ ಸಬ್ ರಿಜಿಸ್ಟ್ರಾರ್ ಆಫೀಸ್ನೋರೂ ಏನು ಮಾಡ್ಬೇಕು ಹೇಳಿ.

ಹಕ್ಕು ಖುಲಾಸೆ ಪತ್ರ, ಅಂದ್ರೆ ಫ್ಲಾಟಲ್ಲಿ ನನ್ನ ಪಾಲು ಬಿಟ್ಕೊಟ್ಟೆ ಅನ್ನೋ ಪತ್ರ, ಯಾವಾಗ ಮಾಡ್ಸೋದು ಅನ್ನೋದೂ ದುಡ್ಡಿನ ವಿಷಯ. ಒಪ್ಪಂದಕ್ಕೆ ಕೋರ್ಟ್ ಸೀಲ್ ಬಿದ್ದ ಮಾತ್ರಕ್ಕೆ ಖಾತಾ ತಾನಾಗೇ ಬದಲಾಗಲ್ಲ. ಗಂಡ ಹೆಂಡ್ತಿ ಆಗಿರೋವಾಗ್ಲೇ ರಿಜಿಸ್ಟರ್ ಮಾಡಿಸಿದ್ರೆ ಕುಟುಂಬದ ಒಳಗಿನ ಪತ್ರ ಅಂತ ಸ್ಟ್ಯಾಂಪ್ ಡ್ಯೂಟಿ ಸಾವಿರಗಳ ಲೆಕ್ಕದಲ್ಲಿ ಮುಗಿಯುತ್ತೆ. ಡಿವೋರ್ಸ್ ಡಿಕ್ರಿ ಆದ್ಮೇಲೆ ನೀವಿಬ್ಬರೂ ಕಾನೂನಿನ ಕಣ್ಣಿಗೆ ಹೊರಗಿನೋರು, ಆಮೇಲೆ ಕ್ರಯಪತ್ರ ಮಾಡ್ಸ್ಬೇಕು ಅಂದ್ರೆ 45 ಲಕ್ಷಕ್ಕಿಂತ ಮೇಲಿನ ಆಸ್ತಿಗೆ ಸ್ಟ್ಯಾಂಪ್ ಡ್ಯೂಟಿನೇ 5 ಪರ್ಸೆಂಟು, ಅದರ ಮೇಲೆ ಸೆಸ್ಸು, 2025ರ ಆಗಸ್ಟ್ ಕೊನೆಯಿಂದ ರಿಜಿಸ್ಟ್ರೇಷನ್ ಫೀ ಬೇರೆ 2 ಪರ್ಸೆಂಟ್ ಆಗಿದೆ. ಹಂಗಂತ ದುಡ್ಡು ಕೈಗೆ ಬರೋಕೆ ಮುಂಚೆ ಸಹಿ ಹಾಕ್ಬಿಡ್ಬೇಡಿ. ನಮ್ದು ಒಂದೇ ದಿನ ಆಯ್ತು, ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ಡಿಡಿ ನನ್ನ ಕೈಗೆ, ನನ್ನ ಹೆಬ್ಬೆಟ್ಟು ಮೆಷಿನ್ ಮೇಲೆ. ಅದಕ್ಕೆ ಇ-ಖಾತಾ ಮುಂಚೆನೇ ಆಗಿರ್ಬೇಕು, ಅದಿಲ್ದೆ ರಿಜಿಸ್ಟ್ರೇಷನ್ನಿನ ಕಾವೇರಿ ಪೋರ್ಟಲಲ್ಲಿ ಮುಂದಕ್ಕೆ ಹೋಗಲ್ಲ, ಮತ್ತೆ ಒರಿಜಿನಲ್ ಪತ್ರ ಬ್ಯಾಂಕಲ್ಲಿ ಇರೋದ್ರಿಂದ ಅವ್ರ ಎನ್‌ಒಸಿ ಬೇಕು. ಸ್ವಲ್ಪ ದುಡ್ಡು ಎರಡನೇ ಮೋಷನ್ ದಿನ ಕೋರ್ಟಲ್ಲೇ ಡಿಡಿ ಕೊಡೋ ಥರ ಉಳಿಸ್ಕೊಂಡಿದ್ವಿ.

ಮೋಷನ್ ಅಂದ್ರೆ ಡಿವೋರ್ಸ್ ಬೇಕು ಅಂತ ಇಬ್ಬರೂ ಸೇರಿ ಕೋರ್ಟ್ ಮುಂದೆ ಹೇಳೋದು, ಎರಡು ಸಲ ಹೇಳ್ಬೇಕು. ಒಪ್ಪಂದ ಆದ್ಮೇಲೆ ನಮ್ಮ ಜಗಳದ ಕೇಸು ಹಿಂದೂ ಮ್ಯಾರೇಜ್ ಆಕ್ಟಿನ 13ಬಿ ಆಯ್ತು, ಪರಸ್ಪರ ಒಪ್ಪಿಗೆಯ ಡಿವೋರ್ಸು. ಮಾಮೂಲಾಗಿ ಎರಡು ಮೋಷನ್ ನಡುವೆ ಆರು ತಿಂಗಳು ಕಾಯ್ಬೇಕು, ಒಂದೂವರೆ ವರ್ಷದ ಮೇಲೆ ಬೇರೆ ಇದ್ದು ದುಡ್ಡು, ಮಗು ಎಲ್ಲಾ ಇತ್ಯರ್ಥ ಆಗಿದ್ರೆ ಆ ಆರು ತಿಂಗಳು ಕೋರ್ಟ್ ಮನ್ನಾ ಮಾಡ್ಬಹುದು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಮಗೆ ಮನ್ನಾ ಆಯ್ತು.

ಸ್ಟಾರ್ ಕೊಡ್ಬೇಕು ಅಂದ್ರೆ ಐದಕ್ಕೆ ಐದು, ಪುಕ್ಕಟೆ ಅಂತಲ್ಲ. ಹೊರಗೆ ದುಡ್ಡು ತಗೊಂಡು ಸೆಟಲ್ ಮಾಡ್ಸ್ತೀವಿ ಅನ್ನೋರ ಹತ್ರ ನಾವಿಬ್ಬರೂ ಮೊದ್ಲು ಹೋಗಿದ್ವಿ, ಅಲ್ಲಿ ಎಲ್ಲದಕ್ಕೂ ಫಿಫ್ಟಿ ಫಿಫ್ಟಿ ಅನ್ನೋ ಒಂದೇ ಮಂತ್ರ, ಯಾರು ಏನು ತಂದ್ರು, ಸಾಲ ಯಾರು ಹೊರ್ತಾರೆ, ಮಗು ಯಾರ ಹತ್ರ ಇರುತ್ತೆ ಅಂತ ಕೇಳೋಕೇ ಪುರುಸೊತ್ತಿಲ್ಲ.

ಹೋಗೋರು ತಗೊಂಡು ಹೋಗ್ಬೇಕಾದ್ದು: ಕ್ರಯಪತ್ರದ ಕಾಪಿ, ಇಸಿ (ಋಣಭಾರ ಪತ್ರ), ಲೋನ್ ಸ್ಟೇಟ್‌ಮೆಂಟ್, ಮದುವೆ ಆದಾಗಿಂದ ಸಿಗುವಷ್ಟು ಬ್ಯಾಂಕ್ ಸ್ಟೇಟ್‌ಮೆಂಟು, ಒಡವೆ ಲಿಸ್ಟು, ಎಲ್‌ಐಸಿ ಪಾಲಿಸಿ, ಚೀಟಿ ಪಾಸ್‌ಬುಕ್ಕು. ಎಲ್ಲಾ ಎರಡು ಸೆಟ್. ಗಾಡಿ ತಗೊಂಡು ಹೋಗ್ಬೇಡಿ, ಶಾಂತಿನಗರ ಬಸ್ ಸ್ಟ್ಯಾಂಡಿಗೆ ಬಂದು ಅಲ್ಲಿಂದ ಆಟೋ ಹಿಡೀರಿ. ಎಲ್ಲಾ ಮುಗಿದ್ಮೇಲೆ ಪಿಎಫ್, ಎಲ್‌ಐಸಿ, ಬ್ಯಾಂಕ್ ಅಕೌಂಟ್ ನಾಮಿನಿ ಚೇಂಜ್ ಮಾಡ್ಸಿ, ಲಾಕರ್ ಜಂಟಿ ಹೆಸರಲ್ಲಿದ್ರೆ ಅದನ್ನೂ, ಗ್ಯಾಸ್ ಕನೆಕ್ಷನ್ನು ಯಾರ ಹೆಸರಲ್ಲಿದೆ ಅಂತನೂ ಒಂದ್ಸಲ ನೋಡ್ಕೊಳ್ಳಿ.